ಬಟನ್ ಏಕೆ ಕಾಣುತ್ತಿಲ್ಲ? ವೆಬ್ ಪುಟದ ತೋರಿಸು–ಮರೆಮಾಡು ನಿಯಮಗಳನ್ನು ಸರಳಗೊಳಿಸುವ ಬಗೆ

ವೆಬ್ ಅಪ್ಲಿಕೇಶನ್‌ನ ಪುಟವೊಂದರಲ್ಲಿ ಯಾವ ಬಟನ್ ಯಾರಿಗೆ ಯಾವಾಗ ಕಾಣಬೇಕು, ಫಾರ್ಮಿನ ಯಾವ ಫೀಲ್ಡ್ ಯಾವ ಉತ್ತರಕ್ಕೆ ತೆರೆದುಕೊಳ್ಳಬೇಕು ಎಂಬ ನಿಯಮಗಳು ಮೊದಲ ದಿನ ಒಂದೊಂದು ಸಾಲಿನಷ್ಟೇ ಇರುತ್ತವೆ. ಆಮೇಲೆ ಬರುವ ಪ್ರತಿಯೊಂದು ದೂರು, ಪ್ರತಿಯೊಂದು ವಿನಾಯಿತಿ, ಪ್ರತಿಯೊಬ್ಬ ಹೊಸ ಬಳಕೆದಾರ ವರ್ಗ ಅದೇ ಸಾಲಿನ ಬಾಲಕ್ಕೆ ಇನ್ನೊಂದು ‘ಮತ್ತು’, ಇನ್ನೊಂದು ‘ಅಥವಾ’ ಸೇರಿಸುತ್ತಾ ಹೋಗಿ, ಕೊನೆಗೆ ಬಟನ್ ಏಕೆ ಕಾಣುತ್ತಿಲ್ಲ ಎಂದು ಕೇಳಿದರೆ ಬರೆದವರೇ ಕೋಡ್ ಮುಂದೆ ಕುಳಿತು ಆವರಣ ಚಿಹ್ನೆಗಳನ್ನು ಎಣಿಸಬೇಕಾಗುತ್ತದೆ. ಇಂಥ ನಿಯಮಗಳನ್ನು ಬಿಡಿಸುವ ಕ್ರಮವನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ವಿವರಿಸುತ್ತೇನೆ.

ಕಾಲೇಜೊಂದರ ವಿದ್ಯಾರ್ಥಿವೇತನದ ಅರ್ಜಿಗಳನ್ನು ನಿರ್ವಹಿಸುವ ವೆಬ್ ಅಪ್ಲಿಕೇಶನ್ ಇದೆ ಎಂದುಕೊಳ್ಳೋಣ. ವಿದ್ಯಾರ್ಥಿ, ಪರಿಶೀಲನಾಧಿಕಾರಿ, ಅಡ್ಮಿನ್ ಎಂಬ ಮೂರು ಬಗೆಯ ಬಳಕೆದಾರರಿದ್ದಾರೆ. ಅರ್ಜಿಯು ಕರಡು, ಸಲ್ಲಿಸಿದ್ದು, ಮರಳಿಸಿದ್ದು, ಮಂಜೂರಾದದ್ದು, ತಿರಸ್ಕೃತವಾದದ್ದು ಎಂಬ ಐದು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ‘ತಿದ್ದು’ ಬಟನ್ ಯಾವಾಗ ಕಾಣಬೇಕೆಂಬ ಷರತ್ತು ಕೆಲವು ತಿಂಗಳು ಬೆಳೆದು ಈ ರೂಪಕ್ಕೆ ಬಂದಿದೆ:

(ವಿದ್ಯಾರ್ಥಿ && ಕರಡು)
|| (ವಿದ್ಯಾರ್ಥಿ && ಮರಳಿಸಿದೆ && !ಅವಧಿ_ಮುಗಿದಿದೆ)
|| (ವಿದ್ಯಾರ್ಥಿ && ಕರಡು && !ಅವಧಿ_ಮುಗಿದಿದೆ)
|| (!(!ಅಧಿಕಾರಿ || !ಸಲ್ಲಿಸಿದೆ) && !ಲಾಕ್)

ಇಲ್ಲಿ ‘&&’ ಎಂದರೆ ‘ಮತ್ತು’, ‘||’ ಎಂದರೆ ‘ಅಥವಾ’, ‘!’ ಎಂದರೆ ನಿಷೇಧ. ‘ಲಾಕ್’ ಎಂದರೆ ಅದೇ ಅರ್ಜಿಯನ್ನು ಬೇರೊಬ್ಬ ಅಧಿಕಾರಿ ತೆರೆದಿಟ್ಟುಕೊಂಡಿದ್ದಾರೆ ಎಂದು ಅರ್ಥ. ಹೆಸರುಗಳನ್ನು ಕನ್ನಡದಲ್ಲಿ ಬರೆದದ್ದು ಓದುಗರ ಅನುಕೂಲಕ್ಕಾದರೂ ಅದು ಬರೀ ಅಲಂಕಾರವಲ್ಲ. ಜಾವಾಸ್ಕ್ರಿಪ್ಟ್ ಯೂನಿಕೋಡ್ ಅಕ್ಷರಗಳಿರುವ ಹೆಸರುಗಳನ್ನು ಒಪ್ಪುವುದರಿಂದ ಈ ಸಾಲುಗಳು ಹೀಗೆಯೇ ಓಡುತ್ತವೆ.

ಮೊದಲು ಬೀಜಗಣಿತ, ಆದರೆ ಅಳಿಸುವ ಮುನ್ನ ಪ್ರಶ್ನೆ

ನಾಲ್ಕನೆಯ ಸಾಲಿನಿಂದ ಆರಂಭಿಸುವುದು ಸುಲಭ. ‘ಅಧಿಕಾರಿ ಅಲ್ಲ ಅಥವಾ ಸಲ್ಲಿಸಿಲ್ಲ ಎಂಬುದು ನಿಜವಲ್ಲ’ ಎಂದರೆ ‘ಅಧಿಕಾರಿಯೂ ಹೌದು, ಸಲ್ಲಿಸಿದ್ದೂ ಹೌದು’ ಎಂದೇ ಅರ್ಥ. ಹೊರಗಿನ ನಿಷೇಧವನ್ನು ಒಳಕ್ಕೆ ತಳ್ಳಿದಾಗ ‘ಅಥವಾ’ ಇದ್ದದ್ದು ‘ಮತ್ತು’ ಆಗುತ್ತದೆ, ‘ಮತ್ತು’ ಇದ್ದದ್ದು ‘ಅಥವಾ’ ಆಗುತ್ತದೆ ಎಂಬ ಈ ನಿಯಮಕ್ಕೆ ಡಿ ಮಾರ್ಗನ್ ನಿಯಮವೆಂದು ಹೆಸರು. (ಆ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆಯ ಮಧುರೈಯಲ್ಲಿ.) ಅದನ್ನು ಅನ್ವಯಿಸಿದರೆ ಆ ಸಾಲು ‘ಅಧಿಕಾರಿ && ಸಲ್ಲಿಸಿದೆ && !ಲಾಕ್’ ಎಂದಾಗುತ್ತದೆ.

ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ಇರುವ ವಿಷಯ ಬೇರೆ. ಒಂದನೆಯದು ಕರಡಿನಲ್ಲಿರುವಾಗ ವಿದ್ಯಾರ್ಥಿಗೆ ಬಟನ್ ಕಾಣಲಿ ಎನ್ನುತ್ತದೆ. ಮೂರನೆಯದು ಕರಡಿನಲ್ಲಿದ್ದು ಅವಧಿಯೂ ಮುಗಿಯದಿದ್ದರೆ ಕಾಣಲಿ ಎನ್ನುತ್ತದೆ. ಮೊದಲನೆಯದು ನಿಜವಾದರೆ ಸಾಕಾಗಿರುವುದರಿಂದ ಮೂರನೆಯದಕ್ಕೆ ಯಾವ ಪರಿಣಾಮವೂ ಇಲ್ಲ. ಬೀಜಗಣಿತದ ಪ್ರಕಾರ ಅದನ್ನು ಕಣ್ಣು ಮುಚ್ಚಿ ಅಳಿಸಬಹುದು. ಹಾಗೆ ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಪರಿಣಾಮವಿಲ್ಲದ ಸಾಲನ್ನು ಯಾರೋ ಕೆಲಸವಿಲ್ಲದೆ ಬರೆದಿರುವುದಿಲ್ಲ. ಅವಧಿ ಮುಗಿದ ಮೇಲೂ ವಿದ್ಯಾರ್ಥಿಗಳು ಕರಡನ್ನು ತಿದ್ದುತ್ತಿದ್ದಾರೆಂಬ ದೂರು ಬಂದು, ಅದನ್ನು ಸರಿಪಡಿಸಲು ಹೊರಟವರು ಹಳೆಯ ಸಾಲನ್ನು ಬದಲಿಸುವ ಬದಲು ಹೊಸ ಸಾಲನ್ನು ಸೇರಿಸಿ, ಕೆಲಸ ಮುಗಿಯಿತೆಂದು ಎದ್ದುಹೋಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಆ ತಿದ್ದುಪಡಿ ಒಂದು ದಿನವೂ ಜಾರಿಗೆ ಬಂದಿಲ್ಲ. ಸರಳಗೊಳಿಸುವಾಗ ಒಂದು ಪದ ತಾನಾಗಿ ಬಿದ್ದುಹೋಗುತ್ತದೆಂದು ಕಂಡಾಗಲೆಲ್ಲ ಅಲ್ಲಿ ನಿಂತು, ನಿಯಮ ಮಾಡಿದವರನ್ನು, ಅಂದರೆ ಇಲ್ಲಿ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗವನ್ನು, ಕೇಳಬೇಕು. ಅವಧಿಯು ಕರಡು, ಮರಳಿಸಿದ್ದು ಎರಡಕ್ಕೂ ಅನ್ವಯಿಸುತ್ತದೆ ಎಂಬ ಉತ್ತರ ಬಂದರೆ ಇಡೀ ಷರತ್ತು ಹೀಗಾಗುತ್ತದೆ:

(ವಿದ್ಯಾರ್ಥಿ && !ಅವಧಿ_ಮುಗಿದಿದೆ && (ಕರಡು || ಮರಳಿಸಿದೆ))
|| (ಅಧಿಕಾರಿ && ಸಲ್ಲಿಸಿದೆ && !ಲಾಕ್)

ಇದನ್ನು ಬಾಯಿಬಿಟ್ಟು ಓದಿ ನೋಡಿ: ‘ಅವಧಿ ಮುಗಿಯುವವರೆಗೆ ವಿದ್ಯಾರ್ಥಿಯು ಕರಡನ್ನೂ ಮರಳಿ ಬಂದ ಅರ್ಜಿಯನ್ನೂ ತಿದ್ದಬಹುದು, ಸಲ್ಲಿಕೆಯಾದದ್ದನ್ನು, ಬೇರೊಬ್ಬರು ತೆರೆದಿರದಿದ್ದರೆ, ಅಧಿಕಾರಿ ತಿದ್ದಬಹುದು.’ ಷರತ್ತೊಂದನ್ನು ಹೀಗೆ ಕಚೇರಿಯ ಗುಮಾಸ್ತರಿಗೂ ಅರ್ಥವಾಗುವ ಒಂದು ವಾಕ್ಯವಾಗಿ ಹೇಳಲು ಬಾರದಿದ್ದರೆ ಅದು ಎಷ್ಟೇ ಚಿಕ್ಕದಾಗಿದ್ದರೂ ಇನ್ನೂ ಸರಳವಾಗಿಲ್ಲ. ನಾನು ಕೋಡ್ ಪರಿಶೀಲಿಸುವಾಗ ಅಕ್ಷರಗಳನ್ನು ಎಣಿಸುವುದಿಲ್ಲ. ಈ ಒಂದು ಪರೀಕ್ಷೆಯನ್ನಷ್ಟೇ ಮಾಡುತ್ತೇನೆ.

ಹೆಸರಿಡುವಾಗಲೂ ಇದೇ ಕಿವಿ ಬೇಕು. ‘ಓದಲು_ಮಾತ್ರ_ಅಲ್ಲ’ ಎಂಬ ಹೆಸರಿನ ಚರಕ್ಕೆ (ವೇರಿಯಬಲ್) ಮುಂದೆ ಒಂದು ನಿಷೇಧ ಚಿಹ್ನೆ ಬಿದ್ದರೆ ಓದುವವರು ಎರಡು ಬಾರಿ ತಲೆ ತಿರುಗಿಸಬೇಕು. ‘ತಿದ್ದಬಹುದು’ ಎಂದೇ ಹೆಸರಿಡಿ.

ಅಲ್ಲ, ಇಲ್ಲ, ಕೂಡದು, ಬೇಡ

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನಿಷೇಧಕ್ಕೆ ಸಾಮಾನ್ಯವಾಗಿ ಒಂದೇ ಚಿಹ್ನೆ ಇರುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಅಲ್ಲ’ ಎಂಬುದು ಒಂದು ವಸ್ತು ಇನ್ನೊಂದಾಗಿರುವುದನ್ನು ನಿರಾಕರಿಸುತ್ತದೆ, ‘ಇಲ್ಲ’ ಎಂಬುದು ಇರುವಿಕೆಯನ್ನೇ ನಿರಾಕರಿಸುತ್ತದೆ, ‘ಕೂಡದು’ ಅನುಮತಿಯನ್ನು ನಿರಾಕರಿಸುತ್ತದೆ, ‘ಬೇಡ’ ಇಚ್ಛೆಯಿಲ್ಲವೆಂದು ತಿಳಿಸುತ್ತದೆ. ಪುಟದ ಭಾಗವೊಂದು ಕಾಣದಿರುವುದಕ್ಕೆ ಇರುವ ಕಾರಣಗಳೂ ಹೆಚ್ಚುಕಡಿಮೆ ಈ ನಾಲ್ಕೇ ಎಂಬುದು ನನಗೆ ಬಹಳ ಉಪಯೋಗಕ್ಕೆ ಬಂದ ಗ್ರಹಿಕೆ. ಉದ್ದನೆಯ ಷರತ್ತುಗಳಲ್ಲಿ ಬಹುಪಾಲು ಗೊಂದಲ ಬರುವುದು ಈ ನಾಲ್ಕನ್ನೂ ಒಂದೇ ಚಿಹ್ನೆಯಲ್ಲಿ ಕಲಸಿಬಿಡುವುದರಿಂದ.

ಸರ್ವರ್‌ನಿಂದ ಮಾಹಿತಿ ಇನ್ನೂ ಬಂದಿಲ್ಲ, ಅಥವಾ ಬಂದ ಪಟ್ಟಿ ಖಾಲಿಯಾಗಿದೆ: ಇದು ‘ಇಲ್ಲ’. ಇಲ್ಲಿ ಏನನ್ನೂ ತೋರಿಸದೆ ಇರುವುದು ತಪ್ಪು. ‘ತರಲಾಗುತ್ತಿದೆ’ ಎಂದೋ ‘ಇನ್ನೂ ಯಾವ ಅರ್ಜಿಯೂ ಇಲ್ಲ’ ಎಂದೋ ಹೇಳಬೇಕು. ‘!ಪರಿಶೀಲಿತ’ ಎಂಬ ಷರತ್ತು ಉತ್ತರ ಬರುವ ಮೊದಲೂ ನಿಜವೇ ಆಗಿರುವುದರಿಂದ, ಪರಿಶೀಲನೆ ಮುಗಿದಿರುವ ವಿದ್ಯಾರ್ಥಿಗೂ ಅರೆ ಕ್ಷಣ ‘ನಿಮ್ಮ ದಾಖಲೆ ಪರಿಶೀಲಿತವಲ್ಲ’ ಎಂಬ ಕೆಂಪು ಪಟ್ಟಿ ಮಿನುಗಿ ಮಾಯವಾಗುತ್ತದೆ. ‘ಇಲ್ಲ’ವನ್ನು ‘ಅಲ್ಲ’ ಎಂದು ಓದಿಕೊಂಡ ಫಲ ಅದು. ಪುಟಗಳನ್ನು ಕಟ್ಟಲು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವವರಿಗೆ ಪರಿಚಿತವಾದ ಇನ್ನೊಂದು ಎಡವಟ್ಟು ಇದರ ಸೋದರ: ಪಟ್ಟಿಯ ಉದ್ದದ ಮುಂದೆ ನೇರವಾಗಿ ‘&&’ ಹಾಕಿ ಬರೆದರೆ, ಪಟ್ಟಿ ಖಾಲಿಯಿದ್ದಾಗ ಏನೂ ಕಾಣದಿರುವ ಬದಲು ಪುಟದ ಮೇಲೆ ಒಂಟಿ ಸೊನ್ನೆಯೊಂದು ಮೂಡುತ್ತದೆ, ಏಕೆಂದರೆ ಸೊನ್ನೆ ಷರತ್ತಿನ ಮಟ್ಟಿಗೆ ಸುಳ್ಳಾದರೂ ರಿಯಾಕ್ಟ್‌ಗೆ ಅದು ಮುದ್ರಿಸಬೇಕಾದ ಸಂಖ್ಯೆ. ‘ಉದ್ದ > 0’ ಎಂದು ಬರೆದರೆ ಮುಗಿಯಿತು.

ಅರ್ಜಿ ಆ ಸ್ಥಿತಿಯಲ್ಲಿಲ್ಲದ ಕಾರಣ ಬಟನ್ ಅನ್ವಯಿಸುವುದಿಲ್ಲ ಎಂಬುದು ‘ಅಲ್ಲ’. ಮಂಜೂರಾದ ಅರ್ಜಿಗೆ ‘ಸಲ್ಲಿಸು’ ಬಟನ್ ಬೇಕಿಲ್ಲ, ತೆಗೆದುಹಾಕಿ. ಆದರೆ ಅವಧಿ ಮುಗಿದದ್ದರಿಂದ ‘ತಿದ್ದು’ ಬಟನ್ ಹೋಗಬೇಕಾಗಿ ಬಂದಾಗ ಅದನ್ನು ಸದ್ದಿಲ್ಲದೆ ಮಾಯ ಮಾಡುವುದು ನನಗೆ ಸರಿಕಾಣುವುದಿಲ್ಲ. ನಿನ್ನೆ ಅಲ್ಲಿದ್ದ ಬಟನ್ ಇಂದು ಕಾಣದಿದ್ದರೆ ವಿದ್ಯಾರ್ಥಿ ಪುಟವನ್ನು ಹತ್ತು ಸಲ ರಿಫ್ರೆಶ್ ಮಾಡಿ, ಬ್ರೌಸರ್ ಬದಲಿಸಿ, ಕೊನೆಗೆ ಕಚೇರಿಗೆ ಫೋನ್ ಮಾಡುತ್ತಾನೆ. ಬಟನ್ ಇದ್ದ ಜಾಗದಲ್ಲೇ ‘ತಿದ್ದುವ ಅವಧಿ ಜೂನ್ 30ಕ್ಕೆ ಮುಗಿದಿದೆ’ ಎಂಬ ಸಾಲೊಂದಿದ್ದರೆ ಆ ಫೋನ್ ಬರುವುದಿಲ್ಲ.

‘ಕೂಡದು’ ಎಂಬುದು ಅಧಿಕಾರದ ಪ್ರಶ್ನೆ. ಇದನ್ನು ಪುಟದಲ್ಲಿ ಮರೆಮಾಡುವುದು ಸೌಜನ್ಯಕ್ಕಾಗಿಯೇ ಹೊರತು ರಕ್ಷಣೆಗಾಗಿ ಅಲ್ಲ. ಬ್ರೌಸರ್‌ಗೆ ಕಳುಹಿಸಿದ ಮೇಲೆ ಯಾವುದನ್ನೂ ಬಚ್ಚಿಡಲಾಗದು. ಮರೆಮಾಡಿದ ಬಟನ್ ಕರೆಯುವ ವಿಳಾಸಕ್ಕೆ ಯಾರಾದರೂ ನೇರವಾಗಿ ಕೋರಿಕೆ ಕಳುಹಿಸಬಹುದು. ವೆಬ್ ಭದ್ರತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಭದ್ರತಾ ಅಪಾಯಗಳ ಪಟ್ಟಿಯಲ್ಲಿ ಪ್ರವೇಶ ನಿಯಂತ್ರಣದ ಲೋಪಕ್ಕೆ ಮೊದಲ ಸ್ಥಾನವಿತ್ತು; 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು. ಆದ್ದರಿಂದ ‘ಕೂಡದು’ ಎಂಬ ತೀರ್ಮಾನವನ್ನು ಸರ್ವರ್‌ನಲ್ಲೇ ಮಾಡಿ, ಅರ್ಜಿಯ ಮಾಹಿತಿಯ ಜೊತೆಗೆ ‘ಅನುಮತಿಯಿರುವ ಕ್ರಿಯೆಗಳು: ನೋಡು, ಹಿಂಪಡೆ’ ಎಂಬಂಥ ಪಟ್ಟಿಯೊಂದನ್ನು ಪುಟಕ್ಕೆ ಕಳುಹಿಸುವುದು ಉತ್ತಮ. ಆಗ ಪುಟದ ಕಡೆಯ ಷರತ್ತು ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವಷ್ಟಕ್ಕೆ ಇಳಿಯುತ್ತದೆ. ಅವಧಿ ಮುಗಿದಿದೆಯೇ ಎಂಬುದನ್ನೂ ಸರ್ವರ್ ಗಡಿಯಾರವೇ ಹೇಳಬೇಕು, ಏಕೆಂದರೆ ಬಳಕೆದಾರರ ಕಂಪ್ಯೂಟರ್‌ನ ಗಡಿಯಾರವನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಇಷ್ಟಾದರೂ ರಾತ್ರಿ 11:50ಕ್ಕೆ ತೆರೆದ ಪುಟದಲ್ಲಿ 12:10ಕ್ಕೆ ಬಟನ್ ಒತ್ತುವವರು ಇದ್ದೇ ಇರುತ್ತಾರೆ. ಒತ್ತಿದ ಗಳಿಗೆಯಲ್ಲಿ ಸರ್ವರ್ ಮತ್ತೊಮ್ಮೆ ಪರೀಕ್ಷಿಸಲೇಬೇಕು.

‘ಬೇಡ’ ಎಂಬುದು ಎಲ್ಲಕ್ಕಿಂತ ಹಗುರ. ಬಳಕೆದಾರರು ವಿವರಗಳ ಭಾಗವನ್ನು ಮಡಚಿದ್ದಾರೆ, ಮತ್ತೆ ಬಿಡಿಸುತ್ತಾರೆ. ಅದರೊಳಗೆ ಅರ್ಧ ಬರೆದ ಮಾಹಿತಿ ಉಳಿದಿರಬೇಕು. ವ್ಯೂ ಚೌಕಟ್ಟಿನಲ್ಲಿ ‘ವಿ-ಇಫ್’ ಮತ್ತು ‘ವಿ-ಶೋ’ ಎಂದು ಎರಡು ಬೇರೆ ಸೂಚನೆಗಳಿರುವುದು ಇಂಥ ವ್ಯತ್ಯಾಸಕ್ಕಾಗಿಯೇ. ಮೊದಲನೆಯದು ಆ ಭಾಗವನ್ನು ಪುಟದಿಂದಲೇ ಕಿತ್ತುಹಾಕಿ ಬೇಕಾದಾಗ ಹೊಸದಾಗಿ ಕಟ್ಟುತ್ತದೆ, ಎರಡನೆಯದು ಸಿಎಸ್‌ಎಸ್ (ಪುಟದ ನೋಟವನ್ನು ನಿರ್ಧರಿಸುವ ಭಾಷೆ) ಮೂಲಕ ಮರೆಮಾಡುತ್ತದಷ್ಟೇ. ‘ಬೇಡ’ ಎಂಬುದಕ್ಕೆ ಎರಡನೆಯದು, ‘ಅಲ್ಲ’ ಮತ್ತು ‘ಕೂಡದು’ ಎಂಬುದಕ್ಕೆ ಮೊದಲನೆಯದು ಹೊಂದುತ್ತದೆ.

ಈ ವಿಂಗಡಣೆಯಿಂದ ಬರುವ ಅನುಕೂಲವೆಂದರೆ, ‘ತಿದ್ದು’ ಬಟನ್ ಕಾಣಬೇಕೇ ಎಂದು ತೀರ್ಮಾನಿಸುವ ಫಂಕ್ಷನ್ ಬರೀ ಹೌದು–ಅಲ್ಲ ಎಂಬ ಉತ್ತರ ಕೊಡುವುದನ್ನು ಬಿಟ್ಟು, ಕಾರಣವನ್ನೂ ಕೊಡಬಹುದು. ಮಾಹಿತಿ ಬಂದಿಲ್ಲದಿದ್ದರೆ ಅಲ್ಲೇ ಹಿಂದಿರುಗು. ಅನುಮತಿ ಇಲ್ಲದಿದ್ದರೆ ಅಲ್ಲೇ ಹಿಂದಿರುಗು. ಸ್ಥಿತಿ ಹೊಂದದಿದ್ದರೆ ಅಲ್ಲೇ ಹಿಂದಿರುಗು. ಇವೆಲ್ಲ ದಾಟಿ ಬಂದರೆ ತೋರಿಸು ಎಂದು ಒಂದರ ಕೆಳಗೊಂದು ಬರೆದಾಗ, ಆವರಣದೊಳಗೆ ಆವರಣ ಹುದುಗಿಸುವ ಅಗತ್ಯವೇ ಬೀಳುವುದಿಲ್ಲ. ಬಟನ್ ಏಕೆ ಕಾಣುತ್ತಿಲ್ಲ ಎಂದು ಯಾರಾದರೂ ಕೇಳಿದಾಗ ಆ ಫಂಕ್ಷನ್ ಹಿಂದಿರುಗಿಸಿದ ಕಾರಣವನ್ನೇ ಓದಿ ಹೇಳಿದರಾಯಿತು.

ಐದು ಧ್ವಜಗಳ ಬದಲು ಒಂದು ಸ್ಥಿತಿ

ಮೇಲಿನ ಷರತ್ತಿನಲ್ಲಿ ಕರಡು, ಸಲ್ಲಿಸಿದೆ, ಮರಳಿಸಿದೆ ಎಂಬವು ಬಿಡಿಬಿಡಿ ಹೌದು–ಅಲ್ಲ ಚರಗಳಾಗಿವೆ, ಅಂದರೆ ಧ್ವಜಗಳಾಗಿವೆ. ಐದು ಸ್ಥಿತಿಗಳಿಗೆ ಐದು ಚರಗಳಿಟ್ಟರೆ 32 ಸಂಯೋಜನೆಗಳು ಸಾಧ್ಯವಾಗುತ್ತವೆ. ಅವುಗಳಲ್ಲಿ ಅರ್ಥವಿರುವುದು ಐದಕ್ಕೆ ಮಾತ್ರ. ಉಳಿದ 27ರಲ್ಲಿ ಒಂದು, ಅಂದರೆ ಒಂದೇ ಅರ್ಜಿ ಮಂಜೂರೂ ಆಗಿ ತಿರಸ್ಕೃತವೂ ಆದ ಸ್ಥಿತಿ, ಎಂದಾದರೂ ಡೇಟಾಬೇಸ್‌ನಲ್ಲಿ ಕಾಣಿಸಿಕೊಂಡೇ ತೀರುತ್ತದೆ. ಆ ಐದನ್ನೂ ‘ಸ್ಥಿತಿ’ ಎಂಬ ಒಂದೇ ಚರದ ಐದು ಬೆಲೆಗಳನ್ನಾಗಿ ಮಾಡಿದರೆ ಆ 27 ಹುಟ್ಟುವುದೇ ಇಲ್ಲ, ಅವುಗಳಿಂದ ಕಾಪಾಡಿಕೊಳ್ಳಲು ಬರೆದಿದ್ದ ‘ಮತ್ತು ತಿರಸ್ಕೃತ ಅಲ್ಲ’ ಎಂಬಂಥ ಬಾಲಗಳೂ ಬೇಕಾಗುವುದಿಲ್ಲ. ‘ತರಲಾಗುತ್ತಿದೆ’, ‘ದೋಷವಿದೆ’, ‘ಮಾಹಿತಿಯಿದೆ’ ಎಂಬ ಮೂರು ಚರಗಳನ್ನು ಇಟ್ಟುಕೊಂಡ ಪುಟಗಳಿಗೂ ಇದೇ ಚಿಕಿತ್ಸೆ.

ಸ್ಥಿತಿ ಒಂದೇ ಆದಮೇಲೆ ನಿಯಮಗಳನ್ನು ಕೋಷ್ಟಕವಾಗಿ ಬರೆಯಬಹುದು:

| ಸ್ಥಿತಿ | ವಿದ್ಯಾರ್ಥಿ | ಪರಿಶೀಲನಾಧಿಕಾರಿ | ಅಡ್ಮಿನ್ |
|---|---|---|---|
| ಕರಡು | ನೋಡು, ತಿದ್ದು, ಸಲ್ಲಿಸು, ಅಳಿಸು | — | ನೋಡು |
| ಸಲ್ಲಿಸಿದ್ದು | ನೋಡು, ಹಿಂಪಡೆ | ನೋಡು, ತಿದ್ದು, ಮರಳಿಸು, ಮಂಜೂರು ಮಾಡು, ತಿರಸ್ಕರಿಸು | ನೋಡು |
| ಮರಳಿಸಿದ್ದು | ನೋಡು, ತಿದ್ದು, ಸಲ್ಲಿಸು | ನೋಡು | ನೋಡು |
| ಮಂಜೂರಾದದ್ದು | ನೋಡು, ಆದೇಶದ ಪ್ರತಿ ಪಡೆ | ನೋಡು | ನೋಡು, ಮತ್ತೆ ತೆರೆ |
| ತಿರಸ್ಕೃತವಾದದ್ದು | ನೋಡು | ನೋಡು | ನೋಡು, ಮತ್ತೆ ತೆರೆ |

ಒಟ್ಟು 15 ಚೌಕಗಳು. ಇದನ್ನು ಮುದ್ರಿಸಿ ವಿಭಾಗದವರ ಮೇಜಿನ ಮೇಲಿಟ್ಟರೆ, ಕೋಡ್ ತಿಳಿಯದವರೂ ಬೆರಳಿಟ್ಟು ‘ತಿರಸ್ಕೃತರಾದವರು ಮೇಲ್ಮನವಿ ಸಲ್ಲಿಸುವುದು ಎಲ್ಲಿ?’ ಎಂದು ಕೇಳುತ್ತಾರೆ. ಅಂಥ ಪ್ರಶ್ನೆ ‘&&’ಗಳ ಸಾಲಿನಿಂದ ಎಂದೂ ಎದ್ದು ಬರುವುದಿಲ್ಲ. ಕೋಡ್‌ನಲ್ಲಿಯೂ ಇದನ್ನು ಹೀಗೆಯೇ ಡೇಟಾ ಆಗಿ ಇಡಬೇಕು. ಸ್ಥಿತಿ ಮತ್ತು ಪಾತ್ರ ಕೊಟ್ಟರೆ ಕ್ರಿಯೆಗಳ ಪಟ್ಟಿ ದೊರೆಯಬೇಕು. ಅವಧಿ ಮತ್ತು ಲಾಕ್‌ಗಳನ್ನು ಕೋಷ್ಟಕದೊಳಕ್ಕೆ ತುರುಕಬೇಡಿ. ತುರುಕಿದರೆ 15 ಚೌಕಗಳು 60 ಆಗುತ್ತವೆ, ಆಗ ಯಾರೂ ಓದುವುದಿಲ್ಲ. ಅವು ಕೋಷ್ಟಕ ಕೊಟ್ಟ ಪಟ್ಟಿಯಿಂದ ಕೆಲವನ್ನು ಕಳೆಯುವ ಎರಡು ಪ್ರತ್ಯೇಕ ನಿಯಮಗಳಾಗಿರಲಿ: ಅವಧಿ ಮುಗಿದರೆ ವಿದ್ಯಾರ್ಥಿಯ ತಿದ್ದು, ಸಲ್ಲಿಸು ಎರಡೂ ಹೋಗುತ್ತವೆ, ಲಾಕ್ ಇದ್ದರೆ ಅಧಿಕಾರಿಗೆ ನೋಡು ಮಾತ್ರ ಉಳಿಯುತ್ತದೆ. ಆ 60 ಸಂದರ್ಭಗಳನ್ನು ಪರೀಕ್ಷಿಸಲು ಬ್ರೌಸರ್ ತೆರೆಯಬೇಕಾಗಿಯೂ ಇಲ್ಲ. ತೀರ್ಮಾನವೆಲ್ಲ ಒಂದು ಫಂಕ್ಷನ್‌ನೊಳಗೆ ಇರುವುದರಿಂದ ಒಂದು ಲೂಪ್ ಸಾಕು.

ಫಾರ್ಮಿನ ಫೀಲ್ಡ್‌ಗಳು: ಕಾಣದಿದ್ದರೂ ಹೋಗುವ ಉತ್ತರಗಳು

ಬಟನ್‌ಗಳಿಗಿಂತ ಫೀಲ್ಡ್‌ಗಳು ತೊಂದರೆ ಕೊಡುವುದು ಹೆಚ್ಚು, ಏಕೆಂದರೆ ಫೀಲ್ಡ್‌ಗೆ ನೆನಪಿರುತ್ತದೆ. ‘ಹಾಸ್ಟೆಲ್‌ನಲ್ಲಿ ಇದ್ದೀರಾ?’ ಎಂಬ ಪ್ರಶ್ನೆಗೆ ವಿದ್ಯಾರ್ಥಿನಿ ‘ಹೌದು’ ಎಂದಳು, ಹಾಸ್ಟೆಲ್ ಹೆಸರು ಬರೆದಳು, ಆಮೇಲೆ ಮನಸ್ಸು ಬದಲಿಸಿ ‘ಇಲ್ಲ’ ಎಂದಳು. ಹೆಸರಿನ ಫೀಲ್ಡ್ ಸಿಎಸ್‌ಎಸ್‌ನಿಂದ ಮರೆಯಾಯಿತಷ್ಟೇ ಆದರೆ, ಅದರೊಳಗಿನ ಬೆಲೆ ಫಾರ್ಮಿನ ಜೊತೆ ಸರ್ವರ್‌ಗೆ ಹೋಗುತ್ತದೆ. ಇದಕ್ಕೆ ತದ್ವಿರುದ್ಧವಾದ ಪೇಚೂ ಇದೆ: ಕಡ್ಡಾಯವೆಂದು ಗುರುತಿಸಿದ ಫೀಲ್ಡ್ ಖಾಲಿಯಿದ್ದು ಮರೆಯಾಗಿದ್ದರೆ, ಬ್ರೌಸರ್ ಫಾರ್ಮನ್ನು ಕಳುಹಿಸಲು ಒಪ್ಪುವುದಿಲ್ಲ, ಆದರೆ ತಪ್ಪು ತೋರಿಸಲು ಅದಕ್ಕೆ ಜಾಗವೂ ಇರುವುದಿಲ್ಲ. ಬಳಕೆದಾರರು ‘ಸಲ್ಲಿಸು’ ಒತ್ತುತ್ತಲೇ ಇರುತ್ತಾರೆ, ಏನೂ ಆಗುವುದಿಲ್ಲ. ಎಚ್‌ಟಿಎಮ್‌ಎಲ್‌ನಲ್ಲಿ ನಿಷ್ಕ್ರಿಯಗೊಳಿಸಿದ ಫೀಲ್ಡ್‌ಗಳು ಪರೀಕ್ಷೆಗೂ ಒಳಗಾಗುವುದಿಲ್ಲ, ಸರ್ವರ್‌ಗೂ ಹೋಗುವುದಿಲ್ಲವಾದ್ದರಿಂದ, ಸಂಬಂಧಿತ ಫೀಲ್ಡ್‌ಗಳನ್ನೆಲ್ಲ ಒಂದು ಫೀಲ್ಡ್‌ಸೆಟ್‌ನೊಳಗಿಟ್ಟು, ಮರೆಮಾಡುವಾಗ ಆ ಫೀಲ್ಡ್‌ಸೆಟ್ಟನ್ನೇ ನಿಷ್ಕ್ರಿಯಗೊಳಿಸಿದರೆ ಎರಡೂ ತೊಂದರೆಗಳು ಒಟ್ಟಿಗೆ ತೀರುತ್ತವೆ. ವಿದ್ಯಾರ್ಥಿನಿ ಮತ್ತೆ ‘ಹೌದು’ ಎಂದರೆ ಬರೆದದ್ದು ಅಲ್ಲೇ ಇರುತ್ತದೆ.

ಇದು ಹೊಸ ವಿಚಾರವೇನಲ್ಲ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2003ರಲ್ಲಿ ಶಿಫಾರಸು ಮಾಡಿದ, ಫಾರ್ಮುಗಳನ್ನು ಬರೆಯುವ ಭಾಷೆಯಾದ ಎಕ್ಸ್‌ಫಾರ್ಮ್ಸ್‌ನಲ್ಲಿ ಮಾಹಿತಿಯ ಪ್ರತಿ ಅಂಶಕ್ಕೂ ಅದು ಪ್ರಸ್ತುತವೇ ಎಂಬ ಗುಣವನ್ನು ಕೊಡಬಹುದಾಗಿತ್ತು, ಅಪ್ರಸ್ತುತವಾದದ್ದು ಸಲ್ಲಿಕೆಯಿಂದ ತಾನಾಗಿ ಬಿಟ್ಟುಹೋಗುತ್ತಿತ್ತು. ಬ್ರೌಸರ್‌ಗಳಲ್ಲಿ ಎಕ್ಸ್‌ಫಾರ್ಮ್ಸ್ ಬೇರೂರಲಿಲ್ಲ. ಆದರೆ ನಿಯಮವು ಪರದೆಗಲ್ಲ, ಮಾಹಿತಿಗೆ ಸೇರಿದ್ದು ಎಂಬ ಅದರ ನಿಲುವು ಇಂದಿಗೂ ಸರಿಯಾದದ್ದೇ.

ಆ ನಿಲುವಿನ ಉಪಯೋಗ ತಿಳಿಯುವುದು ಸರಪಳಿಗಳಲ್ಲಿ. ಹಾಸ್ಟೆಲ್‌ನಲ್ಲಿದ್ದರೆ ಊಟದ ವ್ಯವಸ್ಥೆ ಕೇಳಬೇಕು, ಅದಕ್ಕೆ ‘ಮೆಸ್’ ಎಂದರೆ ತಿಂಗಳ ಶುಲ್ಕ ಕೇಳಬೇಕು ಎಂದಿರಲಿ. ಹಾಸ್ಟೆಲ್ ಪ್ರಶ್ನೆಗೆ ‘ಇಲ್ಲ’ ಎಂದಾಗ ಊಟದ ಪ್ರಶ್ನೆ ಮರೆಯಾಗುತ್ತದೆ, ಆದರೆ ಅದರ ಹಳೆಯ ಉತ್ತರ ‘ಮೆಸ್’ ಎಂದೇ ಉಳಿದಿರುವುದರಿಂದ ಶುಲ್ಕದ ಫೀಲ್ಡ್ ಮಾತ್ರ ತಬ್ಬಲಿಯಂತೆ ಪರದೆಯ ಮೇಲೆ ನಿಂತಿರುತ್ತದೆ. ಇದಕ್ಕೆ ಶುಲ್ಕದ ಷರತ್ತಿಗೆ ‘ಮತ್ತು ಹಾಸ್ಟೆಲ್‌ನಲ್ಲಿದ್ದರೆ’ ಎಂದು ಸೇರಿಸುವುದು ಸಾಮಾನ್ಯ ಅಭ್ಯಾಸ. ಸರಪಳಿ ಉದ್ದವಾದಂತೆ ಪ್ರತಿ ಫೀಲ್ಡ್ ತನ್ನ ಅಜ್ಜ ಮುತ್ತಜ್ಜರ ಷರತ್ತುಗಳನ್ನೆಲ್ಲ ಹೊರಬೇಕಾಗುತ್ತದೆ. ಅದರ ಬದಲು, ಅಪ್ರಸ್ತುತವಾದ ಫೀಲ್ಡ್‌ನ ಉತ್ತರವನ್ನು ಓದಿದರೆ ‘ಇಲ್ಲ’ ಎಂದೇ ಸಿಗುವಂತೆ ಓದುವ ಕ್ರಮವನ್ನೇ ಒಂದೆಡೆ ಬದಲಿಸಿ. ಆಮೇಲೆ ಪ್ರತಿ ಫೀಲ್ಡ್ ತನ್ನ ನೇರ ತಾಯಿ ಪ್ರಶ್ನೆಯನ್ನಷ್ಟೇ ನೋಡಿದರೆ ಸಾಕು.

ಮರೆಮಾಡುವ ಬಗೆಯ ಕುರಿತು ಒಂದು ಎಚ್ಚರಿಕೆ. ಅಪಾರದರ್ಶಕತೆಯನ್ನು (ಒಪಾಸಿಟಿ) ಸೊನ್ನೆ ಮಾಡಿ ಮರೆಮಾಡಿದ ಬಟನ್ ಕಣ್ಣಿಗೆ ಕಾಣದಿದ್ದರೂ ಟ್ಯಾಬ್ ಕೀಲಿಗೆ ಸಿಗುತ್ತದೆ, ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ‘ಡಿಸ್‌ಪ್ಲೇ: ನನ್’ ಅಥವಾ ‘ಹಿಡನ್’ ಗುಣ ಬಳಸಿದರೆ ಎರಡಕ್ಕೂ ಸಿಗದು. ಇನ್ನು ಕೀಲಿಮಣೆಯ ಫೋಕಸ್ ಇರುವ ಬಟನ್ನನ್ನೇ ತೆಗೆದುಹಾಕಿದರೆ ಫೋಕಸ್ ಕಳೆದುಹೋಗುತ್ತದೆ. ಅದನ್ನು ಪಕ್ಕದ ಸಂದೇಶಕ್ಕೋ ಶೀರ್ಷಿಕೆಗೋ ನೀವೇ ಸಾಗಿಸಬೇಕು.

ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವಾಗ

ಓಡುತ್ತಿರುವ ಅಪ್ಲಿಕೇಶನ್‌ನಲ್ಲಿ ಹಳೆಯ ಷರತ್ತನ್ನು ಒಮ್ಮೆಗೇ ಅಳಿಸಬೇಡಿ. ಮೊದಲು ಅದನ್ನು ಇದ್ದ ಹಾಗೆಯೇ ಎತ್ತಿ ಒಂದು ಫಂಕ್ಷನ್‌ನೊಳಗೆ ಇಡಿ, ಅದರ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ನಮ್ಮ ‘ತಿದ್ದು’ ಷರತ್ತಿನಲ್ಲಿ ಏಳು ಹೌದು–ಅಲ್ಲ ಚರಗಳಿರುವುದರಿಂದ ಒಟ್ಟು 128 ಸಂಯೋಜನೆಗಳು. ಅಷ್ಟನ್ನೂ ಎರಡಕ್ಕೂ ಕೊಟ್ಟು ಉತ್ತರಗಳನ್ನು ಹೋಲಿಸಲು ಕಂಪ್ಯೂಟರ್‌ಗೆ ಕಣ್ಣುರೆಪ್ಪೆ ಬಡಿಯುವಷ್ಟೂ ಸಮಯ ಬೇಕಾಗುವುದಿಲ್ಲ. ಇಲ್ಲಿ ಎಲ್ಲ ಉತ್ತರಗಳೂ ಹೊಂದಬಾರದು ಎಂಬುದನ್ನು ಮರೆಯಬಾರದು, ಏಕೆಂದರೆ ಅವಧಿ ಮುಗಿದ ಕರಡಿನ ವಿಷಯದಲ್ಲಿ ನಾವು ನಿಯಮವನ್ನೇ ಬದಲಿಸಿದ್ದೇವೆ. ಹೊಂದದ ಪ್ರತಿಯೊಂದು ಸಾಲಿನಲ್ಲೂ ‘ವಿದ್ಯಾರ್ಥಿ, ಕರಡು, ಅವಧಿ_ಮುಗಿದಿದೆ’ ಮೂರೂ ನಿಜವಾಗಿದ್ದರೆ ಕೆಲಸ ಸರಿಯಾಗಿದೆ. ಬೇರೆ ಯಾವುದಾದರೂ ಸಾಲು ಹೊಂದದೆ ಬಂದರೆ ಸರಳಗೊಳಿಸುವ ಭರದಲ್ಲಿ ನೀವು ಏನನ್ನೋ ಬೀಳಿಸಿಕೊಂಡಿದ್ದೀರಿ.

ಎಲ್ಲ ಷರತ್ತುಗಳಿಗೂ ಇಷ್ಟು ಶ್ರಮ ಬೇಕಿಲ್ಲ. ಒಂದೇ ಕಡೆ ಬಳಸುವ, ಒಂದೇ ಪದದ ಷರತ್ತನ್ನು ಟೆಂಪ್ಲೇಟ್‌ನಲ್ಲಿಯೇ ಬಿಡುವುದು ವಾಸಿ. ಅದಕ್ಕೂ ಒಂದು ಫೈಲು, ಒಂದು ಫಂಕ್ಷನ್, ಒಂದು ಕೋಷ್ಟಕ ಮಾಡುವವರು ಸರಳಗೊಳಿಸುತ್ತಿಲ್ಲ, ಗೊಂದಲವನ್ನು ಬೇರೆ ಕೋಣೆಗೆ ಸಾಗಿಸುತ್ತಿದ್ದಾರೆ. ಅದೇ ಷರತ್ತು ಎರಡನೆಯ ಪುಟದಲ್ಲಿ ಕಾಣಿಸಿಕೊಂಡಾಗ, ಅಥವಾ ಅದಕ್ಕೆ ಮೂರನೆಯ ಪದ ಸೇರಿಸಬೇಕಾಗಿ ಬಂದಾಗ, ಅದನ್ನು ಹೊರತೆಗೆದು ಹೆಸರಿಡಿ.